ಮ್ಯಾನ್ಸ್ ಕಾಂಪೌಂಡಿನ ಮೂರನೆಯ ಮೆಟ್ಟಿಲು

ಈ ಸಂಚಿಕೆಗೆ ಕಾಲೇಜಿನ ದಿನಗಳ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನ್ಯಾಯವಾಗಿ ನಾನು ತರಗತಿಗಳನ್ನೂ ಗ್ರಂಥಾಲಯವನ್ನೂ ನೆನೆಯಬೇಕಾಗಿತ್ತು. 1990ರಿಂದ 1993ರವರೆಗೆ ಇಲ್ಲಿ ಬಿ.ಕಾಂ. ಓದಿದವನು ನಾನು. ಆ ಮೂರು ವರ್ಷಗಳ ಲೆಕ್ಕಶಾಸ್ತ್ರದಲ್ಲಿ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಎಂಬುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಾಸಿಹೋಗಿದೆ. ಮಾಸದೆ ಉಳಿದಿರುವುದು ಮಡಿಕೇರಿಯ ಮ್ಯಾನ್ಸ್ ಕಾಂಪೌಂಡಿನಲ್ಲಿ ನಮ್ಮ ಕುಟುಂಬ ಕುಳಿತು ಹಾಕಿ ಪಂದ್ಯ ನೋಡುತ್ತಿದ್ದ ಮೂರನೆಯ ಮೆಟ್ಟಿಲು. ಮೈದಾನಕ್ಕೆ ಜನರಲ್ ತಿಮ್ಮಯ್ಯ ಕ್ರೀಡಾಂಗಣವೆಂಬ ಗೌರವದ ಹೆಸರಿದ್ದರೂ ಊರಿನವರ ಬಾಯಲ್ಲಿ ಅದು ಇಂದಿಗೂ ಮ್ಯಾನ್ಸ್ ಕಾಂಪೌಂಡೇ. ಮೊದಲ ಮೆಟ್ಟಿಲಿನಲ್ಲಿ ಕುಳಿತರೆ ಚೆಂಡಿನ ಜೊತೆ ಕೆಸರೂ ಬರುತ್ತದೆ, ಎರಡನೆಯದರಲ್ಲಿ ಆಟಗಾರರ ಚೀಲಗಳಿರುತ್ತವೆ, ಮೂರನೆಯದು ಸಂಸಾರಸ್ಥರಿಗೆ ಸರಿ ಎಂಬುದು ನಮ್ಮ ಅಜ್ಜಿ ಮೊದಲ ದಿನವೇ ಕೊಟ್ಟ ತೀರ್ಪು.

ನಾವು ಕೊಡಗಿನವರಲ್ಲ. ಅಪ್ಪ ಅರಕಲಗೂಡು ಕಡೆಯವರು. ಪೋಸ್ಟ್‌ಮ್ಯಾನ್ ಆಗಿ ಮಡಿಕೇರಿಗೆ ವರ್ಗವಾಗಿ ಬಂದು ಅಲ್ಲೇ ನಿಂತವರು. ಅವರು ಏಳನೆಯ ತರಗತಿಯವರೆಗೆ ಓದಿದ್ದರು, ಅಮ್ಮ ನಾಲ್ಕನೆಯದರವರೆಗೆ, ಅಜ್ಜಿಗೆ ಅಕ್ಷರವೇ ಇರಲಿಲ್ಲ. ಹೀಗಾಗಿ ಕಾಲೇಜು ಎಂಬುದು ನಮ್ಮ ಮನೆಯವರಿಗೆ ಹೊರಗಿನಿಂದ ಕೈಮುಗಿದು ಹೋಗುವ ಗುಡಿಯ ಹಾಗಿತ್ತು. ನನ್ನನ್ನು ಸೇರಿಸಿದ ದಿನ ಅಪ್ಪ ಕಚೇರಿಯ ಬಾಗಿಲಿನವರೆಗೆ ಬಂದು, ಶುಲ್ಕದ ಹಣವನ್ನು ನನ್ನ ಕೈಗೆ ಕೊಟ್ಟು, ಹೊರಗೆ ಮರದ ಕೆಳಗೆ ನಿಂತಿದ್ದರು. ಅವರು ಪ್ರತಿದಿನ ಆ ಕಚೇರಿಗೆ ಅಂಚೆ ತಲುಪಿಸುತ್ತಿದ್ದವರು, ಆದರೂ ಅಂದು ಒಳಗೆ ಬರಲಿಲ್ಲ.

ಈ ಸಂಕೋಚವನ್ನು ಮುರಿದವರು ನಮ್ಮ ಮನೆಯ ಮಾಲೀಕರಾದ ನಿವೃತ್ತ ಸುಬೇದಾರರು. ಅವರಿಗೆ ಕಾಫಿ ತೋಟ ಸ್ವಲ್ಪ, ಹಾಕಿಯ ಹುಚ್ಚು ಬಹಳ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದು, ಮರುವರ್ಷ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರ ಬಗ್ಗೆಯಾಗಲಿ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ ಅವರ ಬಗ್ಗೆಯಾಗಲಿ ಮಾತು ಬಂದರೆ ಅವರ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ದಿನ ಕೊಡವರ ಮನೆಗಳಲ್ಲಿ ಕೋವಿಯನ್ನು ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುವುದು ಪದ್ಧತಿ. ಸುಬೇದಾರರು ಕೋವಿಯ ಪಕ್ಕದಲ್ಲಿ ತಮ್ಮ ಹಳೆಯ ಹಾಕಿ ಸ್ಟಿಕ್ಕನ್ನೂ ಇಡುತ್ತಿದ್ದರು. 1990ರ ಕೈಲ್ ಮುಹೂರ್ತದಂದು ಊಟಕ್ಕೆ ಕರೆದಿದ್ದಾಗ ಅವರು ಅಪ್ಪನಿಗೆ, "ಮಗ ಕಾಲೇಜು ಸೇರಿದ್ದಾನೆ, ಮುಂದಿನ ವಾರ ಅಂತರ ಕಾಲೇಜು ಹಾಕಿ ನಮ್ಮೂರಲ್ಲೇ ಇದೆ. ನೋಡಲು ಹೋಗದಿದ್ದರೆ ಮಗನಿಗೆ ಅವಮಾನ" ಎಂದು ಬೆದರಿಸಿದರು. ನಾನು ಹಾಕಿ ಆಡುವವನಲ್ಲ, ನನಗೇನೂ ಅವಮಾನವಿಲ್ಲ ಎಂದು ಹೇಳಲು ಬಾಯಿ ತೆರೆದವನನ್ನು ಸುಬೇದಾರರು ಕಣ್ಣಿನಲ್ಲೇ ಸುಮ್ಮನಾಗಿಸಿದರು. ಮುಂದಿನ ವಾರ ನಾವು ಐದೂ ಜನ, ಅಂದರೆ ಅಪ್ಪ, ಅಮ್ಮ, ಅಜ್ಜಿ, ಹೈಸ್ಕೂಲಿನಲ್ಲಿದ್ದ ತಂಗಿ ಮತ್ತು ನಾನು, ಮೂರನೆಯ ಮೆಟ್ಟಿಲಿನ ಮೇಲೆ ಕಂಬಳಿ ಹಾಸಿ ಕುಳಿತಿದ್ದೆವು.

ಆಗ ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದ್ದರಿಂದ ಘಟ್ಟದ ಕೆಳಗಿನ ತಂಡಗಳೂ ಸಂಪಾಜೆಯ ತಿರುವುಗಳಲ್ಲಿ ಬಸ್ಸು ಹತ್ತಿಸಿಕೊಂಡು ಬರುತ್ತಿದ್ದವು. ಕರಾವಳಿಯ ಸೆಕೆಯಲ್ಲಿ ಅಭ್ಯಾಸ ಮಾಡಿದ ಆ ಹುಡುಗರು ಸೆಪ್ಟೆಂಬರಿನ ಮಡಿಕೇರಿಯ ಚಳಿಯಲ್ಲಿ ಬಸ್ಸಿನಿಂದ ಇಳಿಯುತ್ತಲೇ ಎರಡು ಕೈಗಳನ್ನೂ ಕಂಕುಳಿಗೆ ಸೇರಿಸಿ ನಿಲ್ಲುವುದನ್ನು ಕಂಡು ಅಮ್ಮನಿಗೆ ಕನಿಕರವಾಗುತ್ತಿತ್ತು. ಎದುರಾಳಿಗಳ ಮೇಲೆ ಕನಿಕರ ಪಡಬಾರದೆಂದು ಸುಬೇದಾರರು ಎಷ್ಟು ತಿಳಿಹೇಳಿದರೂ ಅವಳು ಮಧ್ಯಂತರದಲ್ಲಿ ನನ್ನ ಕೈಯಲ್ಲಿ ಅವರಿಗೆ ಫ್ಲಾಸ್ಕಿನ ಬೆಲ್ಲದ ಕಾಫಿ ಕಳುಹಿಸಿದ್ದುಂಟು. ಆ ದಿನ ಅವರು ಎರಡನೆಯ ಅವಧಿಯಲ್ಲಿ ಎರಡು ಗೋಲು ಹೊಡೆದರು. ಸುಬೇದಾರರು ಬಹಳ ದಿನ ಆ ಕಾಫಿಯ ವಿಷಯವನ್ನು ಎತ್ತುತ್ತಿದ್ದರು.

ಅಪ್ಪ ತಮ್ಮ ಬಟವಾಡೆ ಮುಗಿಸಿ ಖಾಕಿ ಸಮವಸ್ತ್ರದಲ್ಲೇ ಮೈದಾನಕ್ಕೆ ಬರುತ್ತಿದ್ದರು. ಅವರನ್ನು ಕಂಡೊಡನೆ ಮೆಟ್ಟಿಲುಗಳ ಮೇಲಿದ್ದ ಅರ್ಧ ಜನ "ನಮ್ಮದೇನಾದರೂ ಉಂಟಾ?" ಎಂದು ಕೇಳುವರು. ಅಪ್ಪ ತಲೆಯಾಡಿಸಿ ಬಂದು ಕೂರುವರು. ಆಟವನ್ನು ಅವರು ಅರ್ಥ ಮಾಡಿಕೊಂಡದ್ದು ಕೂಡ ಅಂಚೆಯ ಮೂಲಕವೇ. ಮೂವತ್ತು ಗಜದ ಪಾಸು ಸರಿಯಾದ ಸ್ಟಿಕ್ಕಿಗೆ ತಲುಪಿದರೆ "ಸರಿಯಾದ ವಿಳಾಸ" ಎನ್ನುವರು, ತಪ್ಪಿದರೆ "ಪಿನ್‌ಕೋಡ್ ಇಲ್ಲ" ಎನ್ನುವರು. ಚೆಂಡು ಬರುವ ಮೊದಲೇ ಎದುರಾಳಿಯ ಗೋಲಿನ ಬಳಿ ಹೋಗಿ ಕಾಯಬಾರದೆಂಬ ಆಫ್‌ಸೈಡ್ ನಿಯಮ ಮಾತ್ರ ಅವರಿಗೆ ಒಂದು ಇಡೀ ಋತು ತಲೆಗೆ ಹತ್ತಲಿಲ್ಲ. ಸುಬೇದಾರರು ಬೆಂಕಿಕಡ್ಡಿಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ತೋರಿಸಿದರು, ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿದೆ, ಆಗಲಿಲ್ಲ. ಒಂದು ದಿನ ಆಟದ ನಡುವೆ ಅವರೇ ತೊಡೆ ತಟ್ಟಿಕೊಂಡು, "ಗೊತ್ತಾಯ್ತು! ಮನಿಯಾರ್ಡರ್ ಮನೆಗೆ ಬರುವ ಮೊದಲೇ ಅಂಚೆ ಕಚೇರಿ ಬಾಗಿಲಲ್ಲಿ ಬಂದು ಕಾದು ನಿಲ್ಲುತ್ತಾರಲ್ಲ, ಅಂಥವರಿಗೆ ದುಡ್ಡು ಕೊಡಬಾರದು, ಅದೇ ಆಫ್‌ಸೈಡ್" ಎಂದರು. ಇದಕ್ಕಿಂತ ಸರಳವಾದ ವಿವರಣೆಯನ್ನು ನಾನು ಮುಂದೆ ಯಾವ ತರಬೇತುದಾರರ ಬಾಯಲ್ಲೂ ಕೇಳಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ಅಂತರರಾಷ್ಟ್ರೀಯ ಹಾಕಿಯಲ್ಲಿ ಆ ನಿಯಮವನ್ನೇ ತೆಗೆದುಹಾಕಿದಾಗ, ಅಷ್ಟು ಕಷ್ಟಪಟ್ಟು ಕಲಿತದ್ದು ವ್ಯರ್ಥವಾಯಿತಲ್ಲ ಎಂದು ಅಪ್ಪ ನಿಜವಾಗಿಯೂ ನೊಂದುಕೊಂಡರು.

ಅಜ್ಜಿಗೆ ನಿಯಮಗಳ ಹಂಗಿರಲಿಲ್ಲ. ಹಾಕಿ ಸ್ಟಿಕ್ ಅವಳ ಪಾಲಿಗೆ ಹುಣಸೆಹಣ್ಣು ಕೀಳುವ ಕೊಕ್ಕೆ ಕೋಲು. ಯಾರು ಬೆನ್ನು ಬಗ್ಗಿಸಿ ಆಡುತ್ತಾರೋ ಅವರು ಮೈಗಳ್ಳರಲ್ಲ, ಯಾರು ನೆಟ್ಟಗೆ ನಿಂತು ಒಂದೇ ಕೈಯಲ್ಲಿ ಸ್ಟಿಕ್ ಚಾಚುತ್ತಾರೋ ಅವರು ಮನೆಯಲ್ಲಿ ಕೆಲಸ ಮಾಡದವರು ಎಂದು ಅವಳು ಎರಡೂ ತಂಡಗಳನ್ನು ವಿಂಗಡಿಸಿಬಿಡುತ್ತಿದ್ದಳು. ನನ್ನ ಸಹಪಾಠಿಯೊಬ್ಬ ನಮ್ಮ ತಂಡದ ಸೆಂಟರ್ ಹಾಫ್ ಆಗಿದ್ದ. ಅಜ್ಜಿಯ ಪಟ್ಟಿಯಲ್ಲಿ ಅವನಿಗೆ ಮೊದಲ ಸ್ಥಾನ. ಮುಂದೆ ಅವನು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಆಯ್ಕೆಯಾದಾಗ, ಆಯ್ಕೆಗಾರರು ತನ್ನ ಮಾತು ಕೇಳಿದರೆಂಬಂತೆ ಅಜ್ಜಿ ಬೀಗಿದಳು.

ನಾನು ಪದವಿ ಮುಗಿಸಿ ಹೊರಬಂದ ಮರುವರ್ಷವೇ ತಂಗಿ ಅದೇ ಕಾಲೇಜಿಗೆ ಸೇರಿದಳು. ನಾಲ್ಕು ವರ್ಷ ಆ ಮೆಟ್ಟಿಲಿನ ಮೇಲೆ ಕುಳಿತು ನೋಡಿದ್ದು ಅವಳೊಳಗೆ ಏನು ಮಾಡಿತ್ತೋ, ಸೇರಿದ ತಿಂಗಳಿನಲ್ಲೇ ಮಹಿಳಾ ಹಾಕಿ ತಂಡದ ಗೋಲ್‌ಕೀಪರ್ ಆಗಿ ನಿಂತಳು. ಬೇರೆ ಯಾರೂ ಆ ಜಾಗಕ್ಕೆ ಒಪ್ಪದಿದ್ದದ್ದೇ ಆಯ್ಕೆಗೆ ಕಾರಣವೆಂದು ಅವಳು ಈಗಲೂ ಹೇಳುತ್ತಾಳೆ. ಆಗಿನ ಪ್ಯಾಡುಗಳು ಕ್ಯಾನ್‌ವಾಸಿನ ಒಳಗೆ ಹತ್ತಿ ತುಂಬಿದವು. ಮಳೆಯಲ್ಲಿ ನೆನೆದರೆ ಒಂದೊಂದೂ ಒದ್ದೆ ಹಾಸಿಗೆಯಷ್ಟು ಭಾರ. ಪಂದ್ಯದ ಮರುದಿನ ಅವು ನಮ್ಮ ಮನೆಯ ಬಚ್ಚಲ ಒಲೆಯ ಮುಂದೆ ಎರಡು ದಿನ ಒಣಗುತ್ತಿದ್ದವು. ಇಡೀ ಮನೆಗೆ ಕೆಸರು, ಹೊಗೆ, ಹಸಿ ಹತ್ತಿ ಸೇರಿದ ಒಂದು ವಾಸನೆ. ಅಪ್ಪ ಅಂಚೆ ಚೀಲ ಹೊಲಿಯುವ ದಬ್ಬಣ ಮತ್ತು ದಪ್ಪ ದಾರದಿಂದ ಅವುಗಳ ಹರಿದ ಅಂಚನ್ನು ಹೊಲಿದುಕೊಡುತ್ತಿದ್ದರು.

1996ರ ಫೈನಲ್ ಪಂದ್ಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎದುರಾಳಿ ದಕ್ಷಿಣ ಕೊಡಗಿನ ಕಾಲೇಜು. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಮಂಜು ಇಳಿಯತೊಡಗಿತು. ಮೊದಲು ಆಚೆ ಬದಿಯ ಮರಗಳು ಹೋದವು, ಆಮೇಲೆ ಗೋಲಿನ ಕಂಬಗಳು, ಆಮೇಲೆ ತಂಗಿ. ಅವಳು ಅಂದು ದೂರದ ಗೋಲಿನಲ್ಲಿದ್ದಳು. ನಮಗೆ ಕಾಣುತ್ತಿದ್ದುದು ಹತ್ತಿರದ ಮೂರು ನಾಲ್ಕು ಹುಡುಗಿಯರು ಮಾತ್ರ. ಅವರೂ ಓಡುತ್ತಾ ಹೋಗಿ ಬಿಳಿಯ ಗೋಡೆಯೊಳಗೆ ಸೇರಿಕೊಳ್ಳುತ್ತಿದ್ದರು. ಉಳಿದದ್ದು ಶಬ್ದ. ಸ್ಟಿಕ್ಕಿಗೆ ಸ್ಟಿಕ್ಕು ತಾಗಿದ ಚಟಪಟ, "ಬಿಡು, ಬಿಡು" ಎಂಬ ಕೂಗು, ಆಮೇಲೆ ಚೆಂಡು ಪ್ಯಾಡಿಗೆ ಬಡಿದ 'ದಡ್' ಎಂಬ ಸದ್ದು. ಆ ಸದ್ದು ಬಂದಾಗಲೆಲ್ಲ ಅಪ್ಪ ಒಂದೊಂದು ಬೆರಳು ಮಡಚುತ್ತಿದ್ದರು. ಅಜ್ಜಿ ಪ್ರತಿ ಸಲವೂ "ಕೂಸಿಗೆ ಪೆಟ್ಟಾಯ್ತೇನೋ" ಎನ್ನುತ್ತಿದ್ದಳು. ನಾಲ್ಕನೆಯ ಬೆರಳು ಮಡಚುವ ಹೊತ್ತಿಗೆ ಅಂಪೈರ್‌ಗಳು ಸೀಟಿ ಊದಿ ಆಟ ನಿಲ್ಲಿಸಿದರು.

ನಿಂತ ಆಟ ಮತ್ತೆ ಶುರುವಾಗಲು ಅರ್ಧ ಗಂಟೆಯಾದರೂ ಹಿಡಿಯಿತು. ಮಡಿಕೇರಿಯ ಮಂಜಿಗೆ ಅವಸರವಿಲ್ಲ. ಅಷ್ಟು ವರ್ಷ ನೋಡಿದ ಪಂದ್ಯಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ಯಾವ ಆಟವೂ ನಡೆಯದ ಆ ಅರ್ಧ ಗಂಟೆ. ಅಮ್ಮ ಚಿತ್ರಾನ್ನದ ಡಬ್ಬಿ ತೆರೆದಳು. ಕೆಳಗಿನ ಮೆಟ್ಟಿಲಿನಲ್ಲಿದ್ದ ಎದುರು ತಂಡದ ಹುಡುಗಿಯೊಬ್ಬಳ ತಾಯಿ ಬಾಳೆಲೆಯಲ್ಲಿ ಸುತ್ತಿದ್ದ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಕೊಟ್ಟರು. ಸುಬೇದಾರರ ಹೆಂಡತಿ ಕಿತ್ತಳೆ ಸುಲಿದು ತೊಳೆಗಳನ್ನು ಸಾಲಾಗಿ ಹಂಚಿದರು. ನಮ್ಮ ಗಣಿತ ಉಪನ್ಯಾಸಕರು ಮಗುವನ್ನು ಎತ್ತಿಕೊಂಡು ಬಂದಿದ್ದವರು ಜಾಗವಿಲ್ಲದೆ ಅಪ್ಪನ ಪಕ್ಕದಲ್ಲಿ ಕುಳಿತು, ಒಂದೇ ಡಬ್ಬಿಯಿಂದ ತಿನ್ನುತ್ತ, ಈ ಮಂಜಿನಲ್ಲಿ ಚೆಂಡಿಗೆ ಕಿತ್ತಳೆ ಬಣ್ಣ ಬಳಿದರೆ ಹೇಗೆ ಎಂದು ಅಪ್ಪನ ಸಲಹೆ ಕೇಳಿದರು. ಕಾಲೇಜಿನ ಕಚೇರಿಯ ಹೊರಗೆ ಮರದ ಕೆಳಗೆ ನಿಂತಿದ್ದ ಮನುಷ್ಯ, ಉಪನ್ಯಾಸಕರಿಗೆ ಕಡಂಬುಟ್ಟು ಮುರಿದುಕೊಡುತ್ತ, ಬಣ್ಣ ಬೇಡ ಸಾರ್, ಒದ್ದೆ ಹುಲ್ಲಿನಲ್ಲಿ ನಿಲ್ಲುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತಿದ್ದುದನ್ನು ನಾನು ಪಕ್ಕದಲ್ಲಿದ್ದು ಕೇಳಿದೆ.

ಎರಡನೆಯ ಅವಧಿಯಲ್ಲಿ ತಂಗಿ ನಮ್ಮ ಕಡೆಯ ಗೋಲಿಗೆ ಬಂದಳು. ಮಂಜು ಹರಿದಿತ್ತು. ಕೊನೆಯ ಕೆಲವು ನಿಮಿಷ ಉಳಿದಿರುವಾಗ ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ತಂಗಿಯೂ ಸೇರಿ ಐವರು ಗೋಲುಗೆರೆಯ ಹಿಂದೆ ನಿಂತರು. ಚೆಂಡು ಬಂತು, ಗೋಲಿನ ಮುಂದಿನ ಅರ್ಧವೃತ್ತವಾದ 'ಡಿ'ಯ ಹೊರಗೆ ನಿಂತಿತು, ಹೊಡೆತ ಬಿತ್ತು. ತಂಗಿ ಬಲಗಾಲನ್ನು ಅಡ್ಡ ಚಾಚಿ ಬಿದ್ದಳು. 'ದಡ್' ಎಂಬ ಸದ್ದು ಈ ಸಲ ಕಣ್ಣೆದುರೇ ಬಂತು, ಪ್ಯಾಡಿನಿಂದ ಕೆಸರು ನೀರು ಚಿಮ್ಮಿದ್ದೂ ಕಂಡಿತು. ಅಪ್ಪ ಬೆರಳು ಮಡಚಿದರು. ಅದು ಪೂರ್ತಿ ಮಡಚಿಕೊಳ್ಳುವ ಮೊದಲೇ, ಪುಟಿದ ಚೆಂಡನ್ನು ಇನ್ನೊಬ್ಬಳು ಬಲೆಗೆ ತಳ್ಳಿಬಿಟ್ಟಿದ್ದಳು. ಪಂದ್ಯ ಒಂದು ಗೋಲಿನಿಂದ ಹೋಯಿತು.

ತಂಗಿ ಮೆಟ್ಟಿಲ ಬಳಿ ಬಂದಾಗ ಅಮ್ಮ ಏನೂ ಹೇಳದೆ ಟವೆಲ್ಲಿನಿಂದ ಅವಳ ತಲೆ ಒರೆಸತೊಡಗಿದಳು. ಸುಬೇದಾರರು ಎದ್ದು ನಿಂತು, ಮೊದಲನೆಯದನ್ನು ತಡೆಯುವುದು ಕೀಪರ್ ಕೆಲಸ, ಎರಡನೆಯದನ್ನು ತಡೆಯುವುದು ಬ್ಯಾಕ್‌ಗಳ ಕೆಲಸ ಎಂದು ಇಡೀ ಮೈದಾನಕ್ಕೆ ಕೇಳುವಂತೆ ಘೋಷಿಸಿದರು. ಆ ಬ್ಯಾಕ್‌ಗಳ ತಾಯಂದಿರು ಎರಡು ಮೆಟ್ಟಿಲು ಮೇಲೆಯೇ ಕುಳಿತಿದ್ದರು; ಅವರನ್ನು ಸಮಾಧಾನ ಮಾಡಲು ಸುಬೇದಾರರ ಹೆಂಡತಿ ಉಳಿದ ಕಿತ್ತಳೆಯನ್ನೆಲ್ಲ ಖರ್ಚು ಮಾಡಬೇಕಾಯಿತು. ಅಜ್ಜಿ ಮಾತ್ರ, ಗೆದ್ದ ತಂಡದ ಹುಡುಗಿಯರೂ ಚೆನ್ನಾಗಿ ಬೆನ್ನು ಬಗ್ಗಿಸುತ್ತಾರೆಂದು ಒಪ್ಪಿಕೊಂಡಳು.

ಮರುವರ್ಷ, 1997ರಲ್ಲಿ, ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳು ಆಡಿದವು. ಸುಬೇದಾರರು ತಮ್ಮ ಒಕ್ಕದ, ಅಂದರೆ ಮನೆತನದ, ತಂಡ ಕಟ್ಟಲು ಓಡಾಡುತ್ತಿದ್ದಾಗ ಅಜ್ಜಿ ನಮ್ಮ ಮನೆಯಲ್ಲಿ ಎಣಿಸಿ ನೋಡಿ, "ನಾವು ಐದೇ ಜನ, ಹನ್ನೊಂದಾಗಲು ಇನ್ನೂ ಆರು ಬೇಕು, ಬೇಗ ಮದುವೆ ಮಾಡಿಕೋ" ಎಂದು ನನ್ನನ್ನು ಪೀಡಿಸಿದಳು.

ಅಜ್ಜಿಯೂ ಸುಬೇದಾರರೂ ಈಗಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ, ಘಟ್ಟದ ಕೆಳಗಿನ ನಡುಗುವ ಹುಡುಗರು ಇನ್ನು ಬರುವುದಿಲ್ಲವೇ ಎಂದು ಅಮ್ಮ ಕೇಳಿದಳು. ಕಳೆದ ವರ್ಷ ಊರಿಗೆ ಹೋಗಿದ್ದಾಗ ಅಮ್ಮ, ತಂಗಿ, ನನ್ನ ಹೆಂಡತಿ ಮತ್ತು ಒಂಬತ್ತನೆಯ ತರಗತಿಯ ಮಗಳೊಂದಿಗೆ ಪೊನ್ನಂಪೇಟೆಯ ಟರ್ಫ್ ಮೈದಾನದಲ್ಲಿ ಕಾಲೇಜು ತಂಡಗಳ ಆಟ ನೋಡಲು ಹೋದೆವು. ಆಟಕ್ಕೆ ಮೊದಲು ಟರ್ಫಿಗೆ ನೀರು ಹಾಯಿಸುವುದನ್ನು ಕಂಡು ಅಮ್ಮ ಬೆರಗಾದಳು. ನಮ್ಮ ಕಾಲದಲ್ಲಿ ಮೈದಾನದಿಂದ ನೀರು ಹೊರಗೆ ಹಾಕುತ್ತಿದ್ದರು, ಈಗ ದುಡ್ಡು ಕೊಟ್ಟು ಒಳಗೆ ಹಾಕುತ್ತಾರಾ ಎಂದಳು. 35 ನಿಮಿಷದ ಎರಡು ಅವಧಿಗಳು ಹೋಗಿ 15 ನಿಮಿಷದ ನಾಲ್ಕು ಬಂದಿರುವುದು ಅವಳಿಗೆ ಒಪ್ಪಿಗೆಯೇ, ಡಬ್ಬಿ ತೆರೆಯಲು ಮೂರು ಬಿಡುವು ಸಿಗುತ್ತದೆ.

ಎರಡನೆಯ ಕ್ವಾರ್ಟರಿನಲ್ಲಿ ಒಬ್ಬ ಹುಡುಗ ಎದುರಾಳಿಯ ಗೋಲಿನ ಮುಂದೆ ಒಂಟಿಯಾಗಿ ಹೋಗಿ ಚೆಂಡಿಗಾಗಿ ಕಾದು ನಿಂತ. ಅಮ್ಮ ಮೊಮ್ಮಗಳ ತೋಳು ಹಿಡಿದು ಅವನ ಕಡೆ ಬೆರಳು ತೋರಿಸಿ, "ನೋಡು ಮಗಾ, ಅದು ತಪ್ಪು. ಮನಿಯಾರ್ಡರ್ ಮನೆಗೆ ಬರುವ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲಬಾರದು" ಎಂದಳು. ಮನಿಯಾರ್ಡರ್ ಎಂದರೇನೆಂದು ಮಗಳು ಕೇಳಿದಳು. ನಾನೂ ತಂಗಿಯೂ ಮುಖ ಮುಖ ನೋಡಿಕೊಂಡೆವು. ಆ ನಿಯಮ ಈಗಿಲ್ಲವೆಂದು ಅಮ್ಮನಿಗೆ ಹೇಳಲು ಇಬ್ಬರೂ ಹೋಗಲಿಲ್ಲ. ಅಷ್ಟರಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿ, ತಂಗಿ ಎದ್ದು ನಿಂತು ಯಾರದೋ ಮನೆಯ ಗೋಲ್‌ಕೀಪರಿಗೆ ಎಡಕ್ಕೆ ಸರಿಯಲು ಕೂಗುತ್ತಿದ್ದಳು.