ಕಪ್ಪತಗುಡ್ಡದ ತಿರುವುಗಳಿಗೆ ಎರಡನೇ ಸಲ

ರವಿವಾರ ಬೆಳಗಿನ ಐದು ಗಂಟೆ. ಹುಬ್ಬಳ್ಳಿಯ ಗದಗ ರೋಡಿನ ಬಂಕಿನಲ್ಲಿ ಬೈಕಿನ ಟೈರಿನ ಗಾಳಿ ನೋಡುತ್ತಿದ್ದೆ. ಹಿಂದಿನ ಸೀಟಿನಿಂದ ಇಳಿದ ತಮ್ಮ ಪಕ್ಕದಲ್ಲಿ ನಿಂತಿದ್ದ. "ಅಣ್ಣಾ, ಈ ಸಲ ಗಾಡಿ ತಿಕ್ಕೂದಿಲ್ಲ ಹೌದಲ್ಲೋ?" ಅಂದ. ಅವನ ದನಿಯಲ್ಲಿ ನಿಜವಾದ ಅಂಜಿಕೆ ಇತ್ತು.

ಎರಡು ತಿಂಗಳ ಹಿಂದೆ ಇದೇ ಗಾಡಿಯಲ್ಲಿ ಇಬ್ಬರೂ ಕಪ್ಪತಗುಡ್ಡಕ್ಕೆ ಹೋಗಿದ್ದೆವು. ಇಳಿಯುವಾಗ ಒಂದು ಎಡ ತಿರುವಿನಲ್ಲಿ ಫುಟ್‌ರೆಸ್ಟ್ ನೆಲಕ್ಕೆ ತಾಗಿ ಕರ್ ಅಂದಿತು. ಗಾಬರಿಯಾಗಿ ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ಮರುಕ್ಷಣ ಇನ್ನೊಂದು ಸದ್ದು, ಈ ಸಲ ಭಾರವಾದದ್ದು. ಡಬಲ್ ಸ್ಟ್ಯಾಂಡಿನ ಕಾಲು ರಸ್ತೆಗೆ ಬಡಿದಿತ್ತು. ಹಿಂದಿನ ಚಕ್ರ ಒಂದು ಗೇಣು ಹೊರಗೆ ಜಿಗಿಯಿತು. ಬೀಳಲಿಲ್ಲ. ಆದರೆ ತಮ್ಮ ನನ್ನ ಜಾಕೆಟ್ ಹಿಡಿದ ಹಿಡಿತ ಗದಗ ಮುಟ್ಟುವ ತನಕ ಸಡಿಲ ಆಗಲಿಲ್ಲ.

ನನ್ನದು ಕ್ರೂಸರ್ ಬೈಕು. ಸೀಟು ತಗ್ಗು, ಫುಟ್‌ರೆಸ್ಟ್ ಮುಂದೆ ಮತ್ತು ಕೆಳಗೆ, ಎರಡು ಚಕ್ರಗಳ ನಡುವೆ 1490 ಮಿ.ಮೀ. ಅಂತರ. ನಲವಡಿ, ಅಣ್ಣಿಗೇರಿ ದಾಟಿ ಗದಗಿನವರೆಗೆ ಇರುವ ಸುಮಾರು 60 ಕಿ.ಮೀ. ರಸ್ತೆಗೆ ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಗೊತ್ತಿಲ್ಲ. ಎರಡೂ ಕಡೆ ಎರೆ ಹೊಲ, ಎದುರಿಗೆ ಏಳುತ್ತಿರುವ ಸೂರ್ಯ, ಕಣ್ಣು ಮುಟ್ಟುವ ತನಕ ನೆಟ್ಟಗಿನ ದಾರಿ. ಅಣ್ಣಿಗೇರಿಯಲ್ಲಿ ಚಹಾ ಕುಡಿದೆವು. ಪಂಪನ ಊರು ಅಂತ ಹೆಸರಾದ ಊರು ಅದು. ಅಮೃತೇಶ್ವರ ಗುಡಿಗೆ ಹೋಗಿ ಬರೋಣ ಅಂತ ತಮ್ಮ ಅಂದ. ಬಿಸಿಲು ಏರುವ ಮೊದಲೇ ಗುಡ್ಡ ಹತ್ತಬೇಕಿತ್ತು, ಹಾಗಾಗಿ ಬೇಡ ಅಂದೆ.

ಆ ಜುಲೈ ಪ್ರವಾಸ ಮುಗಿದ ಮರುದಿನವೇ ಹಳೇ ಹುಬ್ಬಳ್ಳಿಯ ಚಾಚಾನ ಗ್ಯಾರೇಜಿಗೆ ಹೋಗಿದ್ದೆ. ನನ್ನ ಮನಸ್ಸಿನಲ್ಲಿ ಒಂದೇ ಉಪಾಯ. ಹಿಂದಿನ ಶಾಕಪ್ ತೆಗೆದು 25 ಮಿ.ಮೀ. ಉದ್ದದ್ದು ಹಾಕಿಸಬೇಕು. ಗಾಡಿ ಎತ್ತರ ಆದರೆ ತಾಗುವುದಿಲ್ಲ, ಅಲ್ವಾ?

ಚಾಚಾ ಸ್ಪ್ಯಾನರ್ ಕೈಗೆ ತಗೊಳ್ಳಲೇ ಇಲ್ಲ. "ಎತ್ತರ ಮಾಡೂದು ಆಮ್ಯಾಲೆ ಸರ. ಮೊದ್ಲ ಅದು ಎಷ್ಟು ಕುಂತೈತಿ ನೋಡೂಣು" ಅಂದರು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್‌ನಿಂದ ಸೀಟಿನ ಕೆಳಗೆ ಅಂಟಿಸಿದ ಟೇಪಿನವರೆಗೆ ಅಳೆದರು. ಆಮೇಲೆ ನೆಲಕ್ಕಿಳಿಸಿ, ನನ್ನನ್ನೂ ಗ್ಯಾರೇಜಿನ ಹುಡುಗನನ್ನೂ ಕೂಡಿಸಿ ಮತ್ತೆ ಅಳೆದರು. ವ್ಯತ್ಯಾಸ 55 ಮಿ.ಮೀ. ಶಾಕಪ್ ಒಟ್ಟು ಕುಗ್ಗಬಲ್ಲದ್ದೇ ಸುಮಾರು 100. ಅಂದರೆ ತಗ್ಗು ಸಿಗುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿತ್ತು. ಸವಾರ ಕೂತಾಗ ಮೂರರಲ್ಲಿ ಒಂದು ಪಾಲಿನೊಳಗೆ ಕುಗ್ಗಿದರೆ ಸರಿ ಅನ್ನುವುದು ಸಾಮಾನ್ಯ ಲೆಕ್ಕ. ತಿರುವಿನಲ್ಲಂತೂ ಭಾರ ಇನ್ನೂ ಕೆಳಗೆ ಒತ್ತುತ್ತದೆ.

ನೋಡಿದರೆ ಶಾಕಪ್ ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆ ಮಾಡುವ ಕೆಳಗಿನ ಸ್ಟೆಪ್ ತೀರಾ ಮೆತ್ತಗಿನ ಒಂದನೆಯದರಲ್ಲೇ ಇತ್ತು. ಗಾಡಿ ತಗೊಂಡ ದಿನದಿಂದ ಯಾರೂ ಅದನ್ನು ತಿರುಗಿಸಿಲ್ಲ. ಹಿಂದಿನ ಟೈರಿನಲ್ಲಿ ಇರಬೇಕಾದ್ದಕ್ಕಿಂತ 8 ಪಿಎಸ್‌ಐ ಕಡಿಮೆ ಗಾಳಿ. ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳ ಆಯಿಲ್ ಕಪ್ಪಾಗಿ ನೀರಿನಂತೆ ಸುರಿಯಿತು. ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಅಂದರೆ ಕೋನ್ ಸೆಟ್, ತಿರುಗಿಸಿದಾಗ ನಟ್ಟನಡುವೆ ಒಂದು ಕಡೆ ಹಿಡಿಯುತ್ತಿತ್ತು. ಗಾಡಿ ತಿರುವಿಗೆ ಬಾಗಲು ತಡೆಯುತ್ತಿದ್ದದ್ದೂ, ಬಾಗಿದ ಮೇಲೆ ಅಲುಗಾಡುತ್ತಿದ್ದದ್ದೂ ಇವುಗಳಿಂದಲೇ. ನಾನು ಅದನ್ನು ಕ್ರೂಸರ್ ಸ್ವಭಾವ ಅಂದುಕೊಂಡಿದ್ದೆ.

ಉದ್ದ ಶಾಕಪ್ ಬಗ್ಗೆ ಚಾಚಾ ಹೇಳಿದ್ದು ನನಗೆ ಹೊಸದು. ಹಿಂದೆ 25 ಮಿ.ಮೀ. ಎತ್ತಿದರೆ ಇಡೀ ಗಾಡಿ ಮುಂದಕ್ಕೆ ಸುಮಾರು ಒಂದು ಡಿಗ್ರಿ ಬಾಗುತ್ತದೆ. ಫೋರ್ಕ್ ಅಷ್ಟು ನೆಟ್ಟಗಾಗುತ್ತದೆ. ಹ್ಯಾಂಡಲ್ ಹಗುರ ಅನಿಸುತ್ತದೆ ನಿಜ, ಆದರೆ ಹೆದ್ದಾರಿಯ ವೇಗದಲ್ಲಿ ಗಾಡಿಯ ಸ್ಥಿರತೆ ಕಡಿಮೆಯಾಗುತ್ತದೆ. ಚೈನಿನ ಬಿಗಿ ಮತ್ತೆ ನೋಡಬೇಕು. ಸೈಡ್ ಸ್ಟ್ಯಾಂಡ್ ಗಿಡ್ಡ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಕ್ರೂಸರ್‌ನ ಫುಟ್‌ರೆಸ್ಟ್ ಮುಂದಿನ ಚಕ್ರದ ಕಡೆಗೆ ಇರುತ್ತದೆ. ಹಿಂದೆ 10 ಮಿ.ಮೀ. ಎತ್ತಿದರೆ ಅಲ್ಲಿ ಸಿಗುವುದು ನಾಲ್ಕೇ ಮಿ.ಮೀ. "ನೀವು ಹಿಂದ ರೊಕ್ಕ ಹಾಕಿ ಮುಂದಿನ ಕಾಲು ಎತ್ತಾಕ ನೋಡಾಕತ್ತೀರಿ" ಅಂದರು.

ಹಾಗಾಗಿ ಹೊಸ ಶಾಕಪ್ ತಗೊಳ್ಳಲಿಲ್ಲ. ಹಿಂದೆ ಒಂದರಿಂದ ಐದನೇ ಸ್ಟೆಪ್‌ಗೆ ಏರಿಸಿದೆವು. ಇಬ್ಬರು ಕೂತಾಗ ಕುಗ್ಗುವುದು 55ರಿಂದ 42ಕ್ಕೆ ಬಂತು. ಮುಂದೆ ಹೊಸ ಫೋರ್ಕ್ ಆಯಿಲ್, ಜೊತೆಗೆ ಸ್ಪ್ರಿಂಗಿನ ಮೇಲೆ 15 ಮಿ.ಮೀ. ಸ್ಪೇಸರ್. ಹೊಸ ಕೋನ್ ಸೆಟ್. ನಾನೇ ಹಾಕಿಸಿದ್ದ ಅಗಲದ ಲೆಗ್ ಗಾರ್ಡ್ ಬಿಚ್ಚಿಸಿದೆ. ಫುಟ್‌ರೆಸ್ಟ್ ತುದಿಯ ಕೆಳಗೆ ಇರುವ ಬೋಲ್ಟ್ ಮಾತ್ರ ಹೊಸದು ಹಾಕಿದರು. ಅದನ್ನು ಕತ್ತರಿಸಿದರೆ ಜಾಗ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಕತ್ತರಿಸಬೇಡಿ. ಫುಟ್‌ರೆಸ್ಟ್ ನೆಲಕ್ಕೆ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಆ ಬೋಲ್ಟ್ ಮೊದಲು ತಾಗಿ ಎಚ್ಚರಿಸುತ್ತದೆ. ಅದರ ನಂತರ ತಾಗುವ ಸ್ಟ್ಯಾಂಡು, ಸೈಲೆನ್ಸರ್, ಫ್ರೇಮು ಯಾವುದೂ ಮಡಚುವುದಿಲ್ಲ. ಅವು ಚಕ್ರವನ್ನೇ ನೆಲದಿಂದ ಎತ್ತುತ್ತವೆ. ಚೆಂದ ಕಾಣಲಿ ಅಂತ ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸುವ ಹುಡುಗರನ್ನು ಕಂಡರೆ ನನಗೆ ಈಗ ನಿಜಕ್ಕೂ ಸಂಕಟ ಆಗುತ್ತದೆ.

ಇಷ್ಟೆಲ್ಲಾ ಮಾಡಿ ಸಿಕ್ಕ ಬಾಗುವ ಜಾಗ ಎಷ್ಟು? ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಹೆಚ್ಚೆಂದರೆ ಎರಡು ಡಿಗ್ರಿ. ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 50 ಕಿ.ಮೀ. ಹೋದರೆ ಗಾಡಿ ಸುಮಾರು 33 ಡಿಗ್ರಿ ಬಾಗಬೇಕು. 45ಕ್ಕೆ 28 ಸಾಕು. 40ಕ್ಕೆ 23. ಅಗಲ ಟೈರ್ ಇದ್ದರೆ ಇದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಬಹಳಷ್ಟು ಕ್ರೂಸರ್‌ಗಳು 30ರ ಆಸುಪಾಸಿನಲ್ಲೇ ನೆಲ ಮುಟ್ಟುತ್ತವೆ. ಗ್ಯಾರೇಜಿನಲ್ಲಿ ಎರಡು ಡಿಗ್ರಿ, ವೇಗ ಐದು ಕಿ.ಮೀ. ಇಳಿಸಿದರೆ ಐದು ಡಿಗ್ರಿ! ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಗದಗಿನಿಂದ ಡಂಬಳದ ದಾರಿ ಹಿಡಿದೆವು. ಹೆಸರುಕಾಳಿನ ರಾಶಿಯ ಕಾಲ. ಎರಡು ಕಡೆ ರೈತರು ರಸ್ತೆಯ ಅರ್ಧಕ್ಕೆ ಬಳ್ಳಿ ಹರಡಿದ್ದರು. ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆಮಣ್ಣು ರಾತ್ರಿಯ ಮಳೆಗೆ ನೆನೆದು ಸಾಬೂನಿನಂತಾಗಿತ್ತು. ಇಂಥ ಕಡೆ ಬಾಗಲೇ ಬಾರದು, ನೆಟ್ಟಗೆ ನಿಧಾನ ದಾಟಬೇಕು.

ಡೋಣಿ ದಾಟಿ ಗುಡ್ಡ ಏರತೊಡಗಿದಾಗ ಗಾಳಿಯ ವಾಸನೆಯೇ ಬದಲಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪತಗುಡ್ಡ ಬಯಲುಸೀಮೆ ಅನ್ನುವುದನ್ನೇ ಮರೆಸುತ್ತದೆ. ಮೊಣಕಾಲೆತ್ತರದ ಹುಲ್ಲು, ಔಷಧಿ ಗಿಡಗಳು, ದೂರದ ಸಾಲಿನಲ್ಲಿ ಗಾಳಿ ವಿದ್ಯುತ್ ಕಂಬಗಳ ರೆಕ್ಕೆ. ಗಣಿಗಾರಿಕೆ ಬೇಡ ಅಂತ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಗುಡ್ಡ ಇದು. 2019ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ ಇರುವ ಜಾಗ. ಇಲ್ಲಿ ಜೋರಾಗಿ ಓಡಿಸುವುದು ಅಂದರೆ ಬೇರೆಯವರ ಮನೆಯಲ್ಲಿ ಕೂಗಾಡಿದಂತೆ ಅಂತ ನನಗನಿಸುತ್ತದೆ.

ಮೊದಲ ತಿರುವಿಗೆ ಎದೆ ಬಡಿದುಕೊಂಡಿತು. ಬ್ರೇಕ್ ಕೆಲಸವನ್ನೆಲ್ಲಾ ತಿರುವಿನ ಮೊದಲೇ ಮುಗಿಸಿದೆ. ನನ್ನ ಬದಿಯ ಹೊರ ಅಂಚಿನಿಂದ ಒಳಗೆ ಬಂದೆ. ಎಡಕ್ಕೆ ಹೋಗಬೇಕಾದರೆ ಎಡ ಹಿಡಿಕೆಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿದೆ. ಹೇಳಿದರೆ ವಿಚಿತ್ರ ಅನಿಸುತ್ತದೆ, ಆದರೆ ಗಾಡಿ ಬಾಗುವುದೇ ಹಾಗೆ. ಭುಜ, ತಲೆ ಒಳಗಡೆಗೆ ಸ್ವಲ್ಪ ವಾಲಿಸಿದೆ. ಮೈ ಒಳಗೆ ಬಂದಷ್ಟೂ ಗಾಡಿ ಕಡಿಮೆ ಬಾಗುತ್ತದೆ. ತಮ್ಮನಿಗೂ ಮೊದಲೇ ಹೇಳಿದ್ದೆ, ತಿರುವಿಗೆ ಎದುರಾಗಿ ನೆಟ್ಟಗೆ ಕೂರಬೇಡ, ನನ್ನ ಒಳಭುಜದ ಮೇಲಿಂದ ದಾರಿ ನೋಡು ಅಂತ. ಆಕ್ಸಿಲರೇಟರ್ ಒಂದೇ ಸಮ ಹಿಡಿದೆ. ಮಧ್ಯದಲ್ಲಿ ಬಿಟ್ಟರೆ ಭಾರ ಮುಂದಕ್ಕೆ ಬಿದ್ದು ಫೋರ್ಕ್ ಕುಗ್ಗುತ್ತದೆ, ಇದ್ದ ಜಾಗವೂ ಹೋಗುತ್ತದೆ. ಜುಲೈಯಲ್ಲಿ ನಾನು ಮಾಡಿದ್ದು ಇದನ್ನೇ.

ಗಾಡಿ ಸದ್ದಿಲ್ಲದೆ ತಿರುಗಿತು. ಮುಂದಿನದರಲ್ಲೂ. ಅದರ ಮುಂದಿನದರಲ್ಲೂ. ಒಂದು ಕಡೆ ತಿರುವಿನ ನಡುವೆಯೇ ತಗ್ಗು ಬಂತು. ಹಿಂದೆ ಆಗಿದ್ದರೆ ಗಾಡಿ ಎರಡು ಸಲ ಕುಲುಕುತ್ತಿತ್ತು, ಈಗ ಒಮ್ಮೆ ಕುಗ್ಗಿ ಎದ್ದು ನಿಂತಿತು. ಮೇಲೆ ಕಪ್ಪತ ಮಲ್ಲೇಶ್ವರನ ಗುಡಿಯ ಹತ್ತಿರ ನಿಲ್ಲಿಸಿದಾಗ ತಮ್ಮ ನನ್ನ ಜಾಕೆಟ್ ಹಿಡಿದಿರಲಿಲ್ಲ. ಅವನ ಕೈ ಅವನ ತೊಡೆಯ ಮೇಲಿತ್ತು.

ಮರಳುವಾಗ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋದೆವು. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಮೂಲೆಯಿಂದ ಮೂಲೆಗೆ 15 ಡಿಗ್ರಿ ತಿರುಗುತ್ತ ಕಲ್ಲು ದುಂಡಗಾಗುತ್ತದೆ. ಎಲ್ಲಿಯೂ ಒಮ್ಮೆಲೇ ಹೊರಳುವುದಿಲ್ಲ. ಬಿಸಿಲಲ್ಲಿ ಅದರ ಸುತ್ತ ಮೂರು ಸಲ ನಡೆದೆ. ತಮ್ಮ ಗದಗಿನ ಮಿರ್ಚಿ, ಗಿರ್ಮಿಟ್ ನೆನೆದು ಅವಸರ ಮಾಡುತ್ತಿದ್ದ.

ಹೊರಡುವ ಮೊದಲು ಗಾಡಿಯ ಪಕ್ಕ ಕೂತು ಫುಟ್‌ರೆಸ್ಟಿನ ಬೋಲ್ಟ್ ನೋಡಿದೆ. ಬಲಗಡೆಯದರ ಕರಿ ಬಣ್ಣ ಹಾಗೇ ಇತ್ತು. ಎಡಗಡೆಯದರ ತುದಿ ಉಗುರಿನಷ್ಟು ಸವೆದು ಹೊಳೆಯುತ್ತಿತ್ತು. ಎಲ್ಲಿ ಅಂತ ಗೊತ್ತಾಯಿತು. ಇಳಿಜಾರಿನಲ್ಲಿ ಕುರಿ ಹಿಂಡು ಎದುರಾದಾಗ ಕೈ ತಾನಾಗಿ ಆಕ್ಸಿಲರೇಟರ್ ಬಿಟ್ಟಿತ್ತು.

"ಎಷ್ಟಿತ್ತು ಆಗ ಸ್ಪೀಡು?" ಅಂತ ತಮ್ಮ ಕೇಳಿದ.

"45" ಅಂದೆ.

"40 ಸಾಕಿತ್ತಣ್ಣಾ" ಅಂದು ಹೆಲ್ಮೆಟ್ ಹಾಕಿಕೊಂಡ.