ಒಂದು ಕೈಗೆ ಒಂದು ವಸ್ತು

ಶನಿವಾರ, 14 ಜೂನ್ 2025, ರಾತ್ರಿ

ಎಲ್ಲರೂ ಮಲಗಿದ್ದಾರೆ. ದಾಳಗಳು ಮೇಜಿನ ಮೇಲೆ ಬಿದ್ದಲ್ಲೇ ಇವೆ, ಎತ್ತಿಡುವ ಮನಸ್ಸಿಲ್ಲ. ಅಕ್ಕನ ಮಗಳ ಪ್ರಶ್ನೆಯೊಂದು ತಲೆಯಲ್ಲಿ ಕೊರೆಯುತ್ತಿದೆ.

ನಾವು ಆಡುವುದು ಕಥೆ ಕಟ್ಟುವ ಆಟ: ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ನಾನು ಕಥೆ ನಡೆಸುತ್ತೇನೆ, ಮಾಡಹೊರಟದ್ದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಅದಕ್ಕೆ ನಾನು ಬರೆದ ಹಳೆಯ ನಿಯಮಾವಳಿ 14 ಪುಟವಿತ್ತು. ಪಾತ್ರ ಸಿದ್ಧಪಡಿಸುವುದರಲ್ಲೇ ಸಂಜೆ ಕಳೆದುಹೋಯಿತೆಂದು ತಮ್ಮ ಇಂದಿಗೂ ಹಂಗಿಸುತ್ತಾನೆ. ಆ ಹಟಕ್ಕೇ ಈ ಸಲ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದ್ದೆ. ಎರಡು ದಾಳ ಉರುಳಿಸಿ ಕೂಡಬೇಕು. ಹತ್ತು ಅಥವಾ ಹೆಚ್ಚು ಬಂದರೆ ಗೆಲುವು, ಏಳರಿಂದ ಒಂಬತ್ತಾದರೆ ಗೆಲುವಿನ ಜೊತೆಗೆ ಏನಾದರೂ ದಂಡ, ಆರು ಅಥವಾ ಕಡಿಮೆಯಾದರೆ ಎಡವಟ್ಟು. ಈ ಲೆಕ್ಕ ನನ್ನದಲ್ಲ, 2010ರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಆಟದಿಂದ ತಂದದ್ದು. ಆಯುಧ ಯಾವುದಾದರೂ ದಾಳ ಎರಡೇ ಎಂಬುದು ಮಾತ್ರ ನನ್ನ ಜಾಣತನ. ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಗುಹೆಯ ಬಾಗಿಲಲ್ಲಿ ಮೊದಲ ಕಾಳಗ. ಅವಳು ಕೊಡಲಿ ಬೀಸಿದಳು. ಆಮೇಲೆ ಕೊಡಲಿ ಬಿಟ್ಟು ಬಿಲ್ಲು ಹಿಡಿದಳು. ಮೂರನೆಯ ಸಲ ದಾಳಗಳನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು.

“ಮಾಮಾ, ನಾನು ಯಾವುದನ್ನು ಆರಿಸಿದರೂ ಒಂದೇ ಅಲ್ಲವೇ? ಮತ್ತೇಕೆ ಕೇಳುತ್ತೀಯ?”

“ಕಥೆಗೆ ಬೇಕಲ್ಲ.”

“ಹಾಗಾದರೆ ಕಥೆಯನ್ನು ನೀನೇ ಹೇಳಿಬಿಡು, ನಾನು ಕೇಳಿಸಿಕೊಳ್ಳುತ್ತೇನೆ.”

ತಮ್ಮ ನಕ್ಕ. ನನಗೆ ಮೈ ಉರಿಯಿತು.

ಉರಿದದ್ದು ಅವಳ ಮೇಲಲ್ಲ. 14 ಪುಟದ ಆಟದಲ್ಲೂ ಇದೇ ರೋಗವಿತ್ತು ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಅಲ್ಲಿ ಹನ್ನೊಂದು ಆಯುಧಗಳ ಪಟ್ಟಿಯೇ ಇತ್ತು, ತೂಕ, ಬೆಲೆ, ಪೆಟ್ಟಿನ ಲೆಕ್ಕ ಎಲ್ಲವೂ ಬೇರೆಬೇರೆ. ಎರಡನೆಯ ವಾರಕ್ಕೆ ಎಲ್ಲರ ಕೈಯಲ್ಲೂ ಅದೇ ಉದ್ದ ಕತ್ತಿ. ಲೆಕ್ಕ ಹಾಕಿದವರಿಗೆ ಉತ್ತರ ಒಂದೇ ಬರುತ್ತಿತ್ತು. ಇಲ್ಲಿ ಯಾವ ಉತ್ತರವಾದರೂ ಸರಿ. ಎರಡು ಕಡೆಯೂ ಆಟಗಾರ ಆರಿಸುವುದಕ್ಕೆ ಏನೂ ಇಲ್ಲ.

“ಬಿಲ್ಲಿಗೆ ದೂರದಲ್ಲಿ ಒಂದು ಅಂಕ ಜಾಸ್ತಿ ಕೊಡು, ಅಷ್ಟೇ ತಾನೇ ಅಣ್ಣಾ” ಎಂದ ತಮ್ಮ. ಅಷ್ಟೇ ಅಲ್ಲ. ಎರಡು ದಾಳ ಬೀಳುವ 36 ಬಗೆಗಳಲ್ಲಿ 15ರಲ್ಲಿ ಸೋಲು. ಒಂದೇ ಒಂದು ಅಂಕ ಸೇರಿಸಿದರೆ ಸೋಲು 10ಕ್ಕೆ ಇಳಿದು, ಪೂರ್ಣ ಗೆಲುವು 6ರಿಂದ 10ಕ್ಕೆ ಏರುತ್ತದೆ. ಅಷ್ಟು ದೊಡ್ಡ ಆಮಿಷವನ್ನು ಮೇಜಿನ ಮೇಲಿಟ್ಟರೆ ಎಲ್ಲರೂ ಗುಹೆಯನ್ನು ಬಿಟ್ಟು ಅಂಕವನ್ನೇ ಹುಡುಕುತ್ತಾರೆ.

ಹೆಸರಾದ ಆಟಗಳನ್ನು ಕಟ್ಟಿದವರೂ ಇದರಲ್ಲಿ ತಿಣುಕಿದ್ದಾರೆ ಎಂಬುದೊಂದು ಸಮಾಧಾನ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2000ದ ಆವೃತ್ತಿಯಲ್ಲಿ ಎತ್ತರದ ಜಾಗಕ್ಕೆ ಒಂದು ಅಂಕ, ಶತ್ರುವನ್ನು ಎರಡು ಬದಿಯಿಂದ ಸುತ್ತುವರಿದರೆ ಎರಡು, ಹೀಗೆ ಕೂಡುತ್ತಲೇ ಇರಬೇಕಿತ್ತು. 2014ರಲ್ಲಿ ಅವುಗಳಲ್ಲಿ ಬಹುಪಾಲನ್ನು ಗುಡಿಸಿ, ಅನುಕೂಲವಿದ್ದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೋ ಎಂದರು. ಸರಾಸರಿ 10.5ರಿಂದ ಸುಮಾರು 13.8ಕ್ಕೆ ಏರುತ್ತದೆ, ಕೂಡುವ ಕೆಲಸವಿಲ್ಲ. ಬಹಳ ಸೊಗಸು. ಆದರೆ ಒಂದು ಅನುಕೂಲ ಸಿಕ್ಕಿದ ಮೇಲೆ ಎರಡನೆಯದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. ಶತ್ರುವನ್ನು ಆಗಲೇ ನೆಲಕ್ಕೆ ಕೆಡವಿದ್ದರೆ, ಅವನ ಕಣ್ಣಿಗೆ ಮಣ್ಣೆರಚುವ ಉಪಾಯ ಹೊಳೆದರೂ ಬಾಯಿ ಮುಚ್ಚಿಕೊಂಡು ದಾಳ ಉರುಳಿಸುವುದೇ ಲೇಸು.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ. ಆಗ ಮುಖ ಊದಿಸಿಕೊಂಡು ಆಟ ಮುಂದುವರಿಸಿದ್ದೆ.

ಆಮೇಲೆ ಸೇತುವೆ ಬಂತು.

ಹಾಳೆಯ ಕೊನೆಯಲ್ಲಿ, ಜಾಗ ಉಳಿದಿದೆಯೆಂದು ಒಂದು ಸಾಲು ಗೀಚಿದ್ದೆ: ಒಂದು ಕೈಗೆ ಒಂದು ವಸ್ತು. ಅಷ್ಟೇ. ಹಲಗೆ ಮುರಿದು ತಮ್ಮನ ಪಾತ್ರ ಕೆಳಗೆ ಜೋತಾಡುತ್ತಿತ್ತು. ಅವಳ ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಡಲಿ. ಹಿಂದೆ ಹೆಜ್ಜೆಗಳ ಸದ್ದು. ಅವನನ್ನು ಹಿಡಿಯಬೇಕೆಂದರೆ ಒಂದು ಕೈ ಖಾಲಿಯಾಗಬೇಕು, ಮತ್ತು ಆ ಸೇತುವೆಯ ಮೇಲೆ ಕೈಬಿಟ್ಟದ್ದು ಪ್ರಪಾತಕ್ಕೇ. ಪಂಜು ಹೋದರೆ ಕತ್ತಲು, ಕೊಡಲಿ ಹೋದರೆ ಹಿಂದೆ ಬರುವವರಿಗೆ ಬರಿಗೈ.

ನಾನು ದಾಳ ಕೇಳಲಿಲ್ಲ. ಅವಳು ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡಳು, ನಿಜವಾದ ಕೈಗಳನ್ನು. ಬಲಗೈ ಸ್ವಲ್ಪ ತೆರೆದಳು, ಮತ್ತೆ ಮುಚ್ಚಿದಳು. ತಮ್ಮ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದ. ಎಷ್ಟು ಹೊತ್ತು ಹಾಗಿದ್ದೆವೋ.

“ಪಂಜನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬಹುದೇ?”

“ಕೂದಲು ಸುಡುತ್ತದೆ” ಎಂದ ತಮ್ಮ, ನೇತಾಡುತ್ತಲೇ.

“ಸುಡಲಿ.”

ಸರಿ ಎಂದುಬಿಟ್ಟೆ. ಒಂದು ಜಡೆ ಸುಟ್ಟಿತು, ಅವನು ಬದುಕಿದ. ಕಾಳಗದ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಈಗ ಹಾಳೆ ಮುಂದಿದೆ. ‘ಬಾಯಿಯೂ ಒಂದು ಕೈ, ಆದರೆ ಮಾತನಾಡುವಂತಿಲ್ಲ’ ಎಂದು ಬರೆದೆ, ಹೊಡೆದುಹಾಕಿದೆ. ಬರೆದಿಟ್ಟರೆ ಮುಂದಿನ ಶನಿವಾರ ಎಲ್ಲರೂ ಬಾಯಲ್ಲಿ ಪಂಜು ಕಚ್ಚಿಕೊಂಡೇ ಗುಹೆಗೆ ಬರುತ್ತಾರೆ. ಬರೆಯದಿದ್ದರೆ ಅವಳಿಗೆ ಇವತ್ತು ಒಪ್ಪಿದ್ದನ್ನು ನಾಳೆ ತಮ್ಮನಿಗೆ ಇಲ್ಲ ಎನ್ನುವುದು ಹೇಗೆ? ಕೂದಲು ಸುಡುವುದನ್ನಾದರೂ ಬರೆಯಬೇಕೇನೋ. ಆದರೆ ಎಷ್ಟು ಸುಡುತ್ತದೆ ಎಂದು ಅವನು ಕೇಳಿಯೇ ಕೇಳುತ್ತಾನೆ, ಆಗ ಅದಕ್ಕೊಂದು ದಾಳ, ಮತ್ತೆ