ಪೆರಿಯೋ ಸರ್ ಮತ್ತು ಮೇಡಂ

ಡೆಂಟಲ್ ಕಾಲೇಜಿನಲ್ಲಿ ನಮಗೆ ಪೆರಿಯೋ, ಅಂದರೆ ವಸಡಿನ ರೋಗಗಳ ಪಾಠ ಮಾಡುತ್ತಿದ್ದ ಪೆರಿಯೋ ಸರ್ ತೀರಿಕೊಂಡರು ಅನ್ನೋ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ಗುಂಪಿನಲ್ಲಿ ಎಲ್ಲರೂ ಬರೆದದ್ದು ಒಂದೇ ಮಾತು: "ಮೆತ್ತಗೆ, ಮೆತ್ತಗೆ." ನಾವು ಪ್ರೋಬ್ (ಹಲ್ಲು ಮತ್ತು ವಸಡಿನ ನಡುವಿನ ಆಳ ಅಳೆಯುವ ಸಣ್ಣ ಕಡ್ಡಿ) ಹಿಡಿದಾಗಲೆಲ್ಲ ಬೆನ್ನ ಹಿಂದೆ ನಿಂತು ಅವರು ಹೇಳುತ್ತಿದ್ದದ್ದು ಅದೇ. ಪೇಷೆಂಟ್ ಮುಟ್ಟುವ ಮೊದಲು ಪ್ರೋಬಿನ ತುದಿಯನ್ನು ನಮ್ಮದೇ ಹೆಬ್ಬೆರಳ ಉಗುರಿನ ಕೆಳಗಿಟ್ಟು ಒತ್ತಿಸುತ್ತಿದ್ದರು. ಇಲ್ಲಿ ನೋಯದಷ್ಟೇ ಒತ್ತಡ ವಸಡಿಗೂ ಸಾಕು, ಅಷ್ಟೇ. ಒಂದೊಂದು ಹಲ್ಲಿಗೆ 6 ಕಡೆ ಅಳತೆ, ಒಂದೂ ಬಿಡುವ ಹಾಗಿಲ್ಲ. ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಅದನ್ನು ನೋಡಿ ವಸಡು ಚೆನ್ನಾಗಿದೆ ಅಂತ ಮೋಸ ಹೋಗಬೇಡಿ ಅಂತ ಎಷ್ಟು ಸಲ ಹೇಳಿದ್ದಾರೋ!

ಒಮ್ಮೆ ಅವರು 1965ರ ಹೆರಾಲ್ಡ್ ಲೋ ಅವರ ಪ್ರಯೋಗದ ಪಾಠ ಮಾಡಿದರು. ಆರೋಗ್ಯವಾಗಿದ್ದವರು ಹಲ್ಲುಜ್ಜುವುದನ್ನು ನಿಲ್ಲಿಸಿದರು, 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು, ಮತ್ತೆ ಉಜ್ಜಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಕೇಳಿದ್ದೇ ತಡ, ನಾವು ಮೂವರು ಗುಟ್ಟಾಗಿ ಕೆಳಗಿನ ಎಡಭಾಗ ಉಜ್ಜುವುದನ್ನು ಬಿಟ್ಟೆವು! ಕ್ಲಿನಿಕ್ಕಿನಲ್ಲಿ ಒಬ್ಬರ ಬಾಯಿ ಒಬ್ಬರು ನೋಡುವ ದಿನ ಸಿಕ್ಕಿಬಿದ್ದೆವು. ಸರ್ ಬೈಯಲಿಲ್ಲ. ನಮ್ಮನ್ನು ಸಾಲಾಗಿ ಕೂರಿಸಿ, ಇಡೀ ಕ್ಲಾಸಿನ ಕೈಯಲ್ಲಿ ನಮ್ಮ ವಸಡಿನ ಚಾರ್ಟ್ ಬರೆಸಿದರು. ಮೂಳೆ ಕರಗುವ ಮೊದಲಾದರೆ ಎಲ್ಲಾ ವಾಪಸ್ ಬರುತ್ತೆ, ಆಮೇಲೆ ಬರಲ್ಲ ಅನ್ನೋದು ಅವತ್ತೇ ತಲೆಗೆ ಹೋಯಿತು.

ಜನರ ಹಲ್ಲು ನೋಡುವ ಕ್ಯಾಂಪುಗಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಕಮ್ಯುನಿಟಿ ಮೇಡಂ ಇನ್ನೊಂದು ಥರ. ಕ್ಯಾಂಪಿನಲ್ಲಿ ಎಷ್ಟು ಜನರನ್ನು ನೋಡಿದಿರಿ ಅಂತ ಅವರು ಕೇಳುತ್ತಲೇ ಇರಲಿಲ್ಲ. ಕಳೆದ ಸಲ ಚಿಕಿತ್ಸೆಗೆ ಬನ್ನಿ ಅಂತ ಚೀಟಿ ಬರೆದುಕೊಟ್ಟವರಲ್ಲಿ ಎಷ್ಟು ಜನ ಚಿಕಿತ್ಸೆಗೆ ಬಂದರು, ಬರದವರು ಯಾಕೆ ಬರಲಿಲ್ಲ, ಅದನ್ನೇ ಕೇಳುತ್ತಿದ್ದರು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಅನ್ನೋ ಹೆದರಿಕೆಯೇ ಜಾಸ್ತಿ. ಗಾರೆ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ತೆಗೆದ ಮೇಲೆ ಕಾಣುವ ಸಂದು ರೋಗದಿಂದ ಆದದ್ದು, ಸ್ಕೇಲಿಂಗ್‌ನಿಂದ, ಅಂದರೆ ಕ್ಲೀನ್ ಮಾಡಿದ್ದರಿಂದ ಆದದ್ದಲ್ಲ ಅಂತ ಬೇಸರವಿಲ್ಲದೆ ವಿವರಿಸುತ್ತಿದ್ದರು. ವಸಡು ತುಂಬಾ ಹಾಳಾಗಿದ್ದರೆ ಸಕ್ಕರೆ ಕಾಯಿಲೆ ಇದೆಯಾ ನೋಡಿಸಿ ಅಂತಲೂ ಕಳಿಸುತ್ತಿದ್ದರು.

ಬೇರಿನ ಮೇಲೆ ಉಳಿದ ಗಾರೆಯನ್ನು ಬೆರಳ ತುದಿಯಲ್ಲೇ ಗುರುತಿಸುತ್ತೀಯ ಅಂತ ಸರ್ ನನಗೆ ಹೇಳಿದ್ದರು. ಆ ಕೈ ಈಗಲೂ ಹಾಗೇ ಇದೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಇವತ್ತಿನ ಹುಡುಗ ಹುಡುಗಿಯರು ಬುದ್ಧಿವಂತರು, ಆದರೆ ಇಷ್ಟು ಕೇಸು ಮಾಡಲೇಬೇಕು ಅನ್ನೋ ಕೋಟಾ ಮುಗಿಸುವ ಅವಸರದಲ್ಲಿ ಮೆಷಿನ್ ಓಡಿಸಿ ಸೈನ್ ಹಾಕಿಸಿಕೊಂಡರೆ ಮುಗಿಯಿತು. ಕ್ಲೀನ್ ಮಾಡಿ 4ರಿಂದ 6 ವಾರ ಬಿಟ್ಟು ಮತ್ತೆ ಕರೆಸಿ ಅಳೆಯದಿದ್ದರೆ ಪಾಕೆಟ್, ಅಂದರೆ ರೋಗದಿಂದ ಹಲ್ಲು ಮತ್ತು ವಸಡಿನ ನಡುವೆ ಆದ ಆಳ, ಕಡಿಮೆಯಾಯಿತೋ ಇಲ್ಲವೋ ಹೇಗೆ ಗೊತ್ತಾಗಬೇಕು, ಅಲ್ವಾ? ಕಾಲೇಜಿನವರಿಗೆ ನನ್ನ ಮಾತು ಇಷ್ಟೇ: ವಾರಕ್ಕೊಂದು ಮಧ್ಯಾಹ್ನ ಬರೀ ಮರುಪರೀಕ್ಷೆಗೆ ಇಡಿ. ಕೈ ಸಾಲದಿದ್ದರೆ ನಾನು ಬರುತ್ತೇನೆ.